ಬಾವಿ ನೀರಿನ ಫೋಟೋ ತೆಗೆದ ಬೇಸಿಗೆ

ಹೋದ ಮಳೆಗಾಲದಲ್ಲಿ ಹರಿಹರದ ಮಗಳ ಮನೆಗೆ ಹೋಗಿದ್ದೆ. ಹೊಳೆಗೆ ಹೊಸ ನೀರು ಬಂದು ನಲ್ಲಿಯಲ್ಲಿ ಕೆಂಪಗೆ ಬರುತ್ತಿತ್ತು. ಮಗಳು ಹಳೆಯ ಪಂಚೆಯ ತುಂಡೊಂದನ್ನು ಮಡಿಚಿ, ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದಳು. ಆಮೇಲೆ ಆ ಬಟ್ಟೆಯನ್ನು ಹಿಂಡಿ, ನಾನು ಕೂತಿದ್ದ ಕಿಟಕಿಯ ಸರಳಿಗೆ ಹರವಿ ಹೋದಳು. ಕೆಸರು ನೀರು ಕುಡಿದ ಹತ್ತಿ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ನಾನು ಓದುತ್ತಿದ್ದ ಪೇಪರು ಕೈಯಲ್ಲೇ ಉಳಿಯಿತು.

"ಕ್ಯಾ ಹುವಾ ಅಬ್ಬಾ?" ಅಂದಳು ಮಗಳು.

ಏನೂ ಇಲ್ಲ ಅಂದೆ. ಅವಳಿಗೆ ಹೇಳಲು ಹೊರಟರೆ ಅದು ಮೂರು ಬೇಸಿಗೆಯ ಮಾತು.

ಸಾವಿರದ ಒಂಬೈನೂರ ಅರವತ್ತರ ಆಚೀಚೆ. ಆಗ ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಕೆಳಗೆ ಹತ್ತಿ ದಲಾಲರ ಅಂಗಡಿ, ಮೇಲೆ ನಾನು. ಬೇಸಿಗೆಯಲ್ಲಿ ಗಾಳಿಯಲ್ಲೆಲ್ಲ ಹತ್ತಿಯ ಎಳೆ. ಮಿಲ್ಲಿನ ಸೈರನ್ನು ಕೂಗಿದರೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಬರುತ್ತಿದ್ದವರು ಹೊಸದಾಗಿ ಮದುವೆಯಾದವರು, ಮಗುವಿಗೆ ಜವಳ ತೆಗೆಸುವ ಮುಂಚೆ ಒಂದು ಫೋಟೋ ಇರಲಿ ಅನ್ನುವವರು. ಅಪರೂಪಕ್ಕೆ, ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿದ್ದೇವೆ ಬೇಗ ಬರ್ರಿ ಅಂತ ಓಡಿ ಬರುವವರು. ಮನುಷ್ಯರ ಮುಖ ಬಿಟ್ಟು ಬೇರೆ ಯಾವುದಕ್ಕೂ ನಾನು ಕ್ಯಾಮೆರಾ ತಿರುಗಿಸಿದವನಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಕಂಬಳಿ ಸುತ್ತಿದ ಮರದ ಪೆಟ್ಟಿಗೆಯೊಂದನ್ನು ಕೂಸಿನ ಹಾಗೆ ಎದೆಗವಚಿಕೊಂಡು ಒಬ್ಬರು ಮೆಟ್ಟಿಲು ಹತ್ತಿ ಬಂದರು. ತೆಳ್ಳಗಿನ ದೇಹ, ಬೆವರಿಗೆ ಅಂಟಿದ ಬಿಳಿ ಅಂಗಿ. ಹೆಸರು ಶ್ರೀಕಂಠಯ್ಯ. ಮೈಸೂರು ಕಡೆಯವರು, ಹರಿಹರಕ್ಕೆ ವರ್ಗವಾಗಿ ಬಂದ ಸರ್ಕಾರಿ ಡಾಕ್ಟರು. ರೈಲಿಳಿದು, ಜಟಕಾದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು.

"ರಜಾಕ್ ಸಾಹೇಬರೇ, ಕಣ್ಣಿಗೆ ಕಾಣದ್ದರ ಫೋಟೋ ತೆಗೀತೀರಾ?" ಅಂದರು.

"ಕಣ್ಣಿಗೆ ಕಾಣ್ದಿದ್ದನ್ನ ಹೆಂಗೆ ತೆಗೀಲಿ ಸ್ವಾಮಿ?"

"ಕಾಣೋ ಹಾಗೆ ಮಾಡೋದು ನನ್ನ ಕೆಲಸ. ಹಿಡಿದಿಡೋದು ನಿಮ್ಮದು."

ಪೆಟ್ಟಿಗೆಯಲ್ಲಿದ್ದದ್ದು ಮೈಕ್ರೋಸ್ಕೋಪು. ಅದರ ಜೊತೆಗೆ ಒಂದು ಸೀಸೆ ನೀರು. ಲೋಕಿಕೆರೆ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯಿತ್ತು, ಅದರ ಹೆಸರು ಈಗ ಬೇಡ. ಅಲ್ಲಿಗೆ ಕಾಲುವೆ ಇನ್ನೂ ಬಂದಿರಲಿಲ್ಲ. ಇಡೀ ಊರಿಗೆ ಒಂದು ಮೆಟ್ಟಿಲು ಬಾವಿ. ಬೇಸಿಗೆ ಬಂತೆಂದರೆ ಆ ಊರಿನಲ್ಲಿ ಅರ್ಧ ಜನ ನಾರುಹುಣ್ಣಿನಿಂದ ಮಲಗುತ್ತಿದ್ದರು. ಕಾಲಿನಲ್ಲಿ ಒಂದು ಬೊಬ್ಬೆ ಎದ್ದು ಒಡೆಯುತ್ತದೆ, ಅದರಿಂದ ನೂಲಿನಂಥ ಬಿಳಿ ಹುಳ ತಲೆ ಹೊರಗೆ ಹಾಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಎಳೆಯುವಾಗ ತುಂಡಾಯಿತೋ, ಒಳಗೆ ಉಳಿದದ್ದು ಕೊಳೆತು ಕಾಲು ಕುಂಬಳಕಾಯಿಯಾಗುತ್ತದೆ. ಆ ಹುಳ ನೀರಿನಿಂದ ಬರುತ್ತದೆ, ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿರುವ ಕಾಲು ಬಾವಿಗೆ ಇಳಿಸಬೇಡಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು.

"ನಮ್ಮ ಬಾವಿ ನೀರು ಕನ್ನಡಿ ಇದ್ದಂಗೈತೆ ಅಂತಾರೆ. ಲೋಟದಲ್ಲಿ ಎತ್ತಿ ನನಗೇ ತೋರಿಸ್ತಾರೆ. ಕನ್ನಡಿ ಥರಾನೇ ಇರುತ್ತೆ, ಏನು ಹೇಳಲಿ? ಎಲ್ಲರನ್ನೂ ಒಬ್ಬೊಬ್ಬರಾಗಿ ಇದರೊಳಗೆ ಇಣುಕಿಸೋಕೆ ಆಗಲ್ಲ. ದೊಡ್ಡದೊಂದು ಫೋಟೋ ಬೇಕು."

ಅವರು ಒಂದು ತೊಟ್ಟು ನೀರನ್ನು ಗಾಜಿನ ಮೇಲೆ ಬಿಟ್ಟು, ಮೈಕ್ರೋಸ್ಕೋಪಿನ ಕೆಳಗಿನ ಪುಟ್ಟ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, ನೋಡಿ ಅಂದರು. ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ಬೆಳಕಿನ ಒಂದು ದುಂಡು ಅಂಗಳ. ಅದರಲ್ಲಿ ಏನೋ ಜಿಗಿಯಿತು. ಸೀಗಡಿಯಂಥ ಮೈ, ಮೀಸೆಯಂಥ ಕೊಂಬು, ನಡುಹಣೆಯಲ್ಲಿ ಒಂದೇ ಒಂದು ಕೆಂಪು ಕಣ್ಣು. ಬಾಲದ ಎರಡೂ ಪಕ್ಕಕ್ಕೆ ಮೊಟ್ಟೆ ತುಂಬಿದ ಜೋಳಿಗೆಗಳು. ನಾನು ಹೆದರಿ ತಲೆಯೆತ್ತಿ ಗಾಜನ್ನು ನೋಡಿದೆ. ಅಲ್ಲಿ ಬರೀ ಒಂದು ತೊಟ್ಟು ನೀರು.

"ಇದು ನೀರುಚಿಗಟ. ಇದರಿಂದ ಏನೂ ತೊಂದರೆ ಇಲ್ಲ. ಆದರೆ ನಾರುಹುಳದ ಮರಿಯನ್ನ ಇದು ತಿನ್ನುತ್ತೆ. ಮರಿ ಇದರ ಹೊಟ್ಟೆಯಲ್ಲಿ ಬೆಳೆಯುತ್ತೆ. ಇದನ್ನ ನಾವು ಕುಡೀತೀವಿ. ಒಂದು ವರ್ಷ ಆದ ಮೇಲೆ ಕಾಲಿನಲ್ಲಿ ಹುಳ ಬರುತ್ತೆ."

ಫೋಟೋ ತೆಗೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ನನ್ನ ಹಳೆಯ ಪ್ಲೇಟ್ ಕ್ಯಾಮೆರಾದ ಲೆನ್ಸ್ ಕಳಚಿ, ಅದನ್ನು ಮೈಕ್ರೋಸ್ಕೋಪಿನ ತಲೆಯ ಮೇಲೆ ನೆಟ್ಟಗೆ ನಿಲ್ಲಿಸಲು ಮರದ ಚೌಕಟ್ಟು ಹೊಡೆಸಿದೆ. ಎರಡರ ಸಂದಿಗೆ ಕರಿ ಬಟ್ಟೆ ಸುತ್ತಿದೆ. ಬೆಳಕಿಗೆ ಕಿಟಕಿಯ ಬಿಸಿಲೇ ಗತಿ. ಬಿಸಿಲು ಕನ್ನಡಿಗೆ ಸರಿಯಾಗಿ ಬೀಳುತ್ತಿದ್ದದ್ದು ನಡುಹಗಲು ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿಗೇ ಕೆಳಗೆ ಹತ್ತಿಯ ಅಂಡಿಗೆ ಹೇರಿದ ಗಾಡಿ ಬಂದರೆ ಮೇಜು ನಡುಗಿ ಎಲ್ಲವೂ ಮಸುಕು. ಆ ಪ್ರಾಣಿಯಂತೂ ಒಂದು ಗಳಿಗೆ ನಿಲ್ಲದು. ಕೊನೆಗೆ ಡಾಕ್ಟರು ಒಂದು ಹನಿ ಸ್ಪಿರಿಟ್ ಬಿಟ್ಟು ಅದನ್ನು ಸುಮ್ಮನಾಗಿಸಿದರು. ನಾನು ಮೇಜಿನ ಕಾಲುಗಳನ್ನು ಮರಳು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದೆ. ಗಾಜಿನ ಪ್ಲೇಟುಗಳು ಒಂದರ ಹಿಂದೊಂದು ಹಾಳಾದವು.

ಸರಿಯಾದದ್ದು ಬಂದ ದಿನ ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ನಾವಿಬ್ಬರೂ ತಟ್ಟೆಯ ಮೇಲೆ ಬಗ್ಗಿ ನಿಂತಿದ್ದೆವು. ಕಾಗದದ ಮೇಲೆ ಮೊದಲು ಆ ಒಂಟಿ ಕಣ್ಣು ಕಂಡಿತು. ಆಮೇಲೆ ಕೊಂಬು, ಆಮೇಲೆ ಮೈ. ಡಾಕ್ಟರು ನನ್ನ ಭುಜ ಹಿಡಿದುಕೊಂಡರು.

ಇನ್ನೊಂದು ಚಿತ್ರ ಬೇಕಾಗಿತ್ತು, ನಾರುಹುಳದ ಮರಿಯದ್ದು. ಅದಕ್ಕಾಗಿ ನಾನೂ ಅವರ ಜೊತೆ ಆ ಊರಿಗೆ ಹೋದೆ. ಹುಣ್ಣಿನ ಕಾಲು ತೋರಿಸಿ ಅಂದರೆ ಯಾರೂ ಮುಂದೆ ಬರಲಿಲ್ಲ. ನಾಚಿಕೆ, ಭಯ, ಈ ಸಾಬ್ರು ಯಾಕೆ ಬಂದಾರೆ ಅನ್ನುವ ಅನುಮಾನ. ಬಂದವಳು ಹೊನ್ನವ್ವ ಒಬ್ಬಳೇ.

ಹೊನ್ನವ್ವ ನಡುವಯಸ್ಸಿನ ವಿಧವೆ. ಮಕ್ಕಳಿರಲಿಲ್ಲ. ಊರಿನಲ್ಲಿ ಬಾಣಂತಿಯರಿದ್ದ ಮನೆಗೆ, ಕಾಲು ಹುಣ್ಣಾಗಿ ಮಲಗಿದವರ ಮನೆಗೆ ನೀರು ತಂದು ಹಾಕುವವಳು ಅವಳೇ. ಆ ವರ್ಷ ಅವಳ ಪಾದದ ಮೇಲೂ ಹುಳ ಎದ್ದಿತ್ತು, ಆದರೂ ಕೊಡ ಬಿಟ್ಟಿರಲಿಲ್ಲ. ಶಾಲೆಯ ಜಗಲಿಯಲ್ಲಿ ಕೂತು, ಕಾಲನ್ನು ಡಾಕ್ಟರ ಬೇಸಿನ್ನಿನಲ್ಲಿ ಇಟ್ಟಳು. ತಣ್ಣೀರು ಹಾಕಿದ ಕೂಡಲೇ ಹುಣ್ಣಿನ ಬಾಯಿಂದ ಬೆಳ್ಳಗೆ ಮೋಡದಂಥದ್ದು ಹೊರಟಿತು.

"ಇದೇನ್ರಿ, ಹಾಲು ಬಂದಂಗೆ ಬರ್ತೈತಲ್ಲ?"

"ಹಾಲಲ್ಲಮ್ಮ. ಹುಳದ ಮರಿಗಳು."

"ಇಷ್ಟೂ ಮರೀನಾ? ಎಷ್ಟಿರ್ತಾವ್ರಿ?"

"ಲೆಕ್ಕಕ್ಕೆ ಸಿಗೋದಿಲ್ಲ."

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಬೇಸಿನ್ನನ್ನೇ ನೋಡಿದಳು. "ನಾನು ದಿನಾ ಬಾವಿಗೆ ಇಳೀತೀನ್ರಿ," ಅಂದಳು, ಬಹಳ ಮೆಲ್ಲಗೆ. ಅವತ್ತಿನಿಂದಲೇ ಅವಳು ಬಾವಿಗೆ ಇಳಿಯುವುದನ್ನು ಬಿಟ್ಟು, ಮೇಲೆ ನಿಂತು ಬೇರೆಯವರ ಕೈಲಿ ಕೊಡ ತುಂಬಿಸಿಕೊಳ್ಳತೊಡಗಿದಳು ಎಂದು ಆಮೇಲೆ ಗೊತ್ತಾಯಿತು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ.

ಬೇಸಿನ್ನಿನಿಂದ ಸೀಸೆಗೆ ತುಂಬಿ ತಂದ ನೀರಿನ ಚಿತ್ರ ಚೆನ್ನಾಗಿ ಬಂತು. ಬಾಲ ಚೂಪಾದ, ಕೊಕ್ಕೆಯ ಹಾಗೆ ಬಾಗಿದ ಮರಿಗಳು. ಎರಡೂ ಚಿತ್ರಗಳನ್ನು ನನ್ನಲ್ಲಿದ್ದ ಅತಿ ದೊಡ್ಡ ಬ್ರೋಮೈಡ್ ಕಾಗದದ ಮೇಲೆ ಮಾಡಿ, ರಟ್ಟಿಗೆ ಅಂಟಿಸಿ ಒಯ್ದೆವು.

ಸಂಜೆಗೆ ಮುಂಚೆ ಚಾವಡಿಯಲ್ಲಿ ಜನ ಸೇರಿದ್ದರು. ಊರ ಗೌಡರು ರುದ್ರಪ್ಪ, ಎತ್ತರದ ಆಳು, ಕಂಬಕ್ಕೆ ಒರಗಿ ಕೂತಿದ್ದರು. ಅವರ ಮಗ ಶೇಖರಪ್ಪ ಹಿಂದಿನ ಸಾಲಿನಲ್ಲಿದ್ದ. ಹೆಂಗಸರು ದೂರದಲ್ಲಿ ಗೋಡೆಯ ಮರೆಗೆ ನಿಂತಿದ್ದರು. ಹೊನ್ನವ್ವ ಕಾಲುನೋವಿನಿಂದ ಬಂದಿರಲಿಲ್ಲ.

ಮೊದಲ ಚಿತ್ರ ಎತ್ತಿ ತೋರಿಸಿದಾಗ ಕೆಲವರು ನಕ್ಕರು. ಡಾಕ್ಟರು, ಇದು ನಿಮ್ಮ ಬಾವಿಯಲ್ಲಿರುವುದು ಅಂದಾಗ ನಗು ನಿಂತಿತು. ಎರಡನೆಯ ಚಿತ್ರ ತೋರಿಸಿದಾಗ ಗೌಡರು ಎದ್ದು ಹತ್ತಿರ ಬಂದರು.

"ಇದು ನೀರಿಗೆ ಎಲ್ಲಿಂದ ಬಂತ್ರಿ?"

"ಹುಣ್ಣಿರುವ ಕಾಲಿನಿಂದ. ಹುಣ್ಣಿರೋರು ಯಾರೇ ಆಗಲಿ, ಬಾವಿಗೆ ಇಳಿದರೆ..."

"ಈ ಫೋಟೋದಾಗಿರೋದು ಯಾರ ಕಾಲಿಂದು?"

ಡಾಕ್ಟರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಶಾಲೆಯ ಜಗಲಿಯಲ್ಲಿ ಯಾರು ಕಾಲು ಚಾಚಿ ಕೂತಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಗೋಡೆಯ ಆಚೆಯಿಂದ ಒಬ್ಬ ಹೆಂಗಸು, "ನಮ್ಮ ಬಾಣಂತಿಗೆ ಅವಳೇ ನೀರು ಹಾಕಿದ್ದು!" ಎಂದು ಕೂಗಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಡಾಕ್ಟರು ಕೈಯೆತ್ತಿ, ಈ ವರ್ಷದ ಹುಣ್ಣು ಹೋದ ವರ್ಷ ಕುಡಿದ ನೀರಿನದು, ಇದು ಒಬ್ಬರಿಂದ ಬಂದದ್ದಲ್ಲ ಎಂದು ಕೂಗಿ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ಜನ ಆಗಲೇ ಎದ್ದು ಹೊರಟಿದ್ದರು.

ವಾರದೊಳಗೆ ಸುದ್ದಿ ಬಂತು. ಹೊನ್ನವ್ವ ಬಾವಿಯ ಹತ್ತಿರ ಸುಳಿಯಬಾರದು, ಅವಳ ಕೊಡಕ್ಕೆ ಯಾರೂ ನೀರು ಹಾಕಬಾರದು ಅಂತ ಊರು ತೀರ್ಮಾನ ಮಾಡಿತ್ತು. ಉಳಿದ ಹುಣ್ಣಿನ ಕಾಲುಗಳೆಲ್ಲ ಎಂದಿನಂತೆ ಮೆಟ್ಟಿಲು ಇಳಿದು ಹತ್ತುತ್ತಿದ್ದವು. ಅವಳು ಆ ಬಿಸಿಲಿನಲ್ಲಿ ಹೊಲ ದಾಟಿ, ದೂರದ ಹಳ್ಳದಲ್ಲಿ ಗುಂಡಿ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಹೀಗೆ ಬರುವಾಗ ಒಂದು ದಿನ ಎಡವಿ ಬಿದ್ದು, ಪಾದದ ಕಡ್ಡಿ ಜಗ್ಗಿ, ಹುಳ ಒಳಗೇ ತುಂಡಾಯಿತು. ಡಾಕ್ಟರಿಗೆ ತಿಳಿಯುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಊದಿ, ಜ್ವರದಲ್ಲಿ ಅವಳಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ಗಾಡಿಯಲ್ಲಿ ಹುಲ್ಲು ಹಾಸಿ ದಾವಣಗೆರೆಯ ಆಸ್ಪತ್ರೆಗೆ ತಂದರು.

ಅವತ್ತು ಮಧ್ಯಾಹ್ನ ಡಾಕ್ಟರು ನನ್ನ ಸ್ಟುಡಿಯೋಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕೂತರು. ಹಿಂದೆ ಗೋಡೆಯಲ್ಲಿ ತೋಟ, ಕಾರಂಜಿ ಬರೆದ ಪರದೆ ತೂಗುತ್ತಿತ್ತು.

"ಬದುಕ್ತಾಳಾ?" ಅಂದೆ.

"ಗೊತ್ತಿಲ್ಲ. ಕಾಲು ತೆಗೀಬೇಕಾಗಬಹುದು ಅಂತಾರೆ." ಆಮೇಲೆ ಅಂದರು, "ನಾವು ಹುಳ ತೋರಿಸಿದೆವು. ಅವರು ಅವಳನ್ನ ನೋಡಿದರು."

ಹಿಂದಿನ ಕೋಣೆಯೇ ನಮ್ಮ ಮನೆ; ನನ್ನ ಹೆಂಡತಿ ಬಾಗಿಲ ಪರದೆಯ ಆಚೆಯಿಂದ ಚಹಾ ಕೊಟ್ಟಳು. ಅದು ಆರಿಹೋಯಿತು. ಕೊನೆಗೆ ಅವರು ಜೇಬಿನಿಂದ ಒಂದು ಸಣ್ಣ ಸೀಸೆ ತೆಗೆದು ಮೇಜಿನ ಮೇಲಿಟ್ಟರು. "ಇನ್ನೊಂದು ಪ್ಲೇಟು ತೆಗೀಬೇಕು ಸಾಹೇಬರೇ. ಯಾರದು ಅಂತ ಕೇಳಬೇಡಿ. ಹರಿಹರಕ್ಕೆ ಬಂದು ಗುಟ್ಟಾಗಿ ತೋರಿಸಿಕೊಂಡು ಹೋದವರು. ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ನಾನು ಕೇಳಲಿಲ್ಲ. ಮರುದಿನ ಬಿಸಿಲು ಕನ್ನಡಿಗೆ ಬಂದಾಗ ತೆಗೆದುಕೊಟ್ಟೆ.

ಎರಡನೆಯ ಸಲ ಚಾವಡಿಗೆ ಜನ ಸೇರಿಸುವುದು ಕಷ್ಟವಾಯಿತು. ಹೊನ್ನವ್ವ ಸಾಯುವ ಸ್ಥಿತಿಯಲ್ಲಿದ್ದಾಳೆ ಅನ್ನುವ ಮಾತು ಊರಿನಲ್ಲಿ ಹಬ್ಬಿತ್ತು. ಎಲ್ಲರ ಮುಖದಲ್ಲೂ ಒಂದು ಬಗೆಯ ಸಿಡುಕು. ಡಾಕ್ಟರು ಈ ಸಲ ಉಪದೇಶ ಮಾಡಲಿಲ್ಲ. ಎರಡು ರಟ್ಟುಗಳನ್ನು ಪಕ್ಕಪಕ್ಕದಲ್ಲಿ ಕಂಬಕ್ಕೆ ಒರಗಿಸಿದರು. ಎರಡರಲ್ಲೂ ಅವೇ ಬಾಗಿದ ಮರಿಗಳು, ಅವೇ ಚೂಪು ಬಾಲಗಳು.

"ಇವೆರಡರಲ್ಲಿ ಹೊನ್ನವ್ವಂದು ಯಾವುದು ಹೇಳಿ," ಅಂದರು.

ಒಬ್ಬ ಎಡಗಡೆಯದು ಅಂದ. ಇನ್ನೊಬ್ಬ ಅಲ್ಲ, ಬಲಗಡೆಯದು, ಅವತ್ತು ನಾನು ನೋಡಿದ್ದೆ ಅಂದ. ಗೌಡರು ಎರಡನ್ನೂ ಹತ್ತಿರದಿಂದ ನೋಡಿ, "ಎರಡೂ ಒಂದೇ ಅದಾವಲ್ರಿ. ಯಾಕ ನಮ್ಮನ್ನ ಆಡಿಸ್ತೀರಿ?" ಅಂದರು.

"ಎರಡೂ ಒಂದೇ ಅಲ್ಲ ಗೌಡರೇ. ಒಂದು ಹೊನ್ನವ್ವನ ಕಾಲಿನದು. ಇನ್ನೊಂದು ಈಗ ಇಲ್ಲೇ, ನಿಮ್ಮ ಮಧ್ಯೆ ಕೂತಿರೋ ಒಬ್ಬರದು. ಅವರೂ ಬಾವಿಗೆ ಇಳೀತಾರೆ. ಹೆಸರು ನಾನು ಹೇಳಲ್ಲ."

ಗಂಡಸರೆಲ್ಲ ಒಬ್ಬರ ಕಾಲನ್ನೊಬ್ಬರು ನೋಡತೊಡಗಿದರು. ಕೂತಲ್ಲೇ ಪಂಚೆಯ ಅಂಚು ಎಳೆದುಕೊಂಡವರು ಒಬ್ಬಿಬ್ಬರಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಶೇಖರಪ್ಪ ಎದ್ದು ನಿಂತ. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ. ಅವನ ಮುಖ ಬೆವೆತಿತ್ತು.

"ಅದು ನಂದು," ಅಂದ. ಪಂಚೆಯನ್ನು ಮೊಣಕಾಲಿಗೆ ಎತ್ತಿದ. ಮೀನಖಂಡಕ್ಕೆ ಬಿಳಿ ಬಟ್ಟೆ ಸುತ್ತಿತ್ತು.

ರುದ್ರಪ್ಪ ಗೌಡರು ಮಗನನ್ನು ನೋಡಿದರು. "ಯಾವತ್ತಿಂದ?" ಅಂದರು.

"ಹೊನ್ನವ್ವನ್ನ ಬಾವಿಗೆ ಬ್ಯಾಡ ಅನ್ನೋಕ್ಕಿಂತ ಮೊದ್ಲಿಂದ್ಲೂ ಐತಪ್ಪ."

"ಅವತ್ತು ಯಾಕ ಹೇಳ್ಲಿಲ್ಲ?"

"ಅವತ್ತು ಇಲ್ಲಿ ಏನಾತು ಅಂತ ನೋಡಿದ್ನಲ್ಲಪ್ಪ. ಹೆಂಗೆ ಹೇಳ್ಲಿ?"

ಗೌಡರು ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡು, ಚಾವಡಿ ಇಳಿದು ಮನೆಗೆ ಹೋದರು. ಹೋಗುವಾಗ ಅವರ ನಡಿಗೆ ಮುದುಕರ ನಡಿಗೆಯಾಗಿತ್ತು. ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ನಾನು ರಟ್ಟುಗಳನ್ನು ಎತ್ತಿ ಬಟ್ಟೆಯಲ್ಲಿ ಸುತ್ತುವಾಗ, ಗೋಡೆಯ ಆಚೆಯಿಂದ ಅವತ್ತು ಕೂಗಿದ್ದ ಹೆಂಗಸು ಬಂದು, "ನೀರು ಸೋಸೋಕೆ ಎಂಥ ಬಟ್ಟೆ ಬೇಕ್ರಿ ಡಾಕ್ಟ್ರೆ?" ಎಂದು ಕೇಳಿದಳು.

ಮರುದಿನದಿಂದ ಕಲ್ಲಿನ ಗಾಡಿಗಳು ಬಾವಿಯ ಕಡೆ ಹೊರಟವು. ಮುಂಗಾರು ಹಿಡಿಯುವ ಮೊದಲೇ ಮೆಟ್ಟಿಲುಗಳನ್ನು ಮುಚ್ಚಿ, ಸುತ್ತ ಎದೆಮಟ್ಟದ ಗೋಡೆ ಕಟ್ಟಿ, ರಾಟೆ ಹಾಕಿದರು. ಗೌಡರು ಬಿಸಿಲಿನಲ್ಲಿ ನಿಂತು ಕೆಲಸ ಮಾಡಿಸಿದರಂತೆ.

ಹೊನ್ನವ್ವನ ಕಾಲು ಉಳಿಯಿತು. ಆದರೆ ಹರಡಿನ ಕೀಲು ಬಿಗಿದುಹೋಗಿ ಪಾದ ಮಡಚದಾಯಿತು. ಅವಳನ್ನು ಕಳಿಸುವ ದಿನ ರುದ್ರಪ್ಪ ಗೌಡರು ತಾವೇ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದರು. ನಾನೂ ಡಾಕ್ಟರೂ ಅಲ್ಲೇ ಇದ್ದೆವು. ಅಷ್ಟು ದೊಡ್ಡ ಮನುಷ್ಯ ಅವಳ ಮಂಚದ ಪಕ್ಕ ನಿಂತು, ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಕಡೆ ನೋಡುತ್ತಿದ್ದರು.

"ಬಾವಿಗೆ ಗೋಡೆ ಆತು ಹೊನ್ನವ್ವ. ಇನ್ನ ಯಾರೂ ಇಳಿಯಂಗಿಲ್ಲ. ಬಾರವ್ವ, ಊರಿಗೆ ಹೋಗಾಣ."

"ಒಳ್ಳೇದಾತು ಗೌಡ್ರೆ," ಅಂದಳು ಹೊನ್ನವ್ವ. "ನಿಮ್ಮ ಸೊಸೆ ಬಸುರಿ ಅಂತ ಕೇಳಿದೆ. ಸೋಸಿದ ನೀರು ಕುಡಿಸ್ರಿ. ನಾನು ಬರಂಗಿಲ್ಲ."

"ತಪ್ಪಾತವ್ವ."

"ನೀವೊಬ್ರೇ ಆಗಿದ್ರೆ ಬರ್ತಿದ್ದೆ. ನಾನು ಕೊಡ ಹಿಡ್ಕಂಡು ಹೋಗೋವಾಗ ಎಲ್ರೂ ಬಾಗಿಲಾಗ ನಿಂತು ನೋಡ್ತಿದ್ರು. ನಾನು ನೀರು ಹಾಕಿದ ಮನ್ಯೋರೇ. ಆ ಬೀದ್ಯಾಗ ಇನ್ನ ಹೆಂಗೆ ನಡೀಲಿ?"

ಗೌಡರು ಖಾಲಿ ಗಾಡಿ ಹೊಡೆದುಕೊಂಡು ಹೋದರು.

ಅವಳ ತಂಗಿ ನಿಟ್ಟುವಳ್ಳಿಯಲ್ಲಿದ್ದಳು. ಆಗಿನ್ನೂ ಅದು ದಾವಣಗೆರೆಯ ಆಚೆಗಿದ್ದ ಹಳ್ಳಿ. ಹೊನ್ನವ್ವ ಅಲ್ಲೇ ಉಳಿದಳು. ಕೂತು ಮಾಡುವ ಕೆಲಸ, ಹತ್ತಿ ಬಿಡಿಸುವುದು, ಸಿಕ್ಕಿತು. ಮಳೆ ಬಂತು, ಚಳಿ ಬಂತು. ಡಾಕ್ಟರು ಆಗಾಗ ಬಂದು ಹೋಗುತ್ತಿದ್ದರು, ಆ ಊರಿನ ಮಾತು ಬಂದರೆ ಇನ್ನೂ ಒಂದು ವರ್ಷ ಕಾಯಬೇಕು ಎಂದಷ್ಟೇ ಹೇಳುತ್ತಿದ್ದರು. ಆ ಬೇಸಿಗೆ ಕುಡಿದ ನೀರು ಯಾರ ಯಾರ ಮೈಯಲ್ಲಿ ಏನು ಬೆಳೆಸುತ್ತಿತ್ತೋ, ಮುಂದಿನ ಬೇಸಿಗೆಯ ತನಕ ಯಾವ ಗಾಜೂ ತೋರಿಸುವಂತಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೆಲವರಿಗೆ ಹುಣ್ಣು ಎದ್ದಿತು, ಆದರೆ ಅರ್ಧ ಊರು ಮಲಗಲಿಲ್ಲ. ಅದರಾಚೆಯ ಬೇಸಿಗೆಯಲ್ಲಿ ಯಾರಿಗೂ ಇಲ್ಲ ಎಂದು ಆ ಊರಿನಿಂದ ನನಗೆ ಕಾಗದ ಬಂತು. ಅಷ್ಟರಲ್ಲಿ ಡಾಕ್ಟರಿಗೆ ವರ್ಗವಾಗಿತ್ತು.

ಹೊನ್ನವ್ವ ನನ್ನ ಸ್ಟುಡಿಯೋಗೆ ಬಂದದ್ದು ಅದೇ ಕಾಗದ ಬಂದ ದಿನಗಳಲ್ಲಿ. ಕೋಲೂರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಫೋಟೋ ತೆಗೆಸಿಕೊಳ್ಳಲು ಬಂದಿದ್ದಾಳೆಂದು ನಾನು ಪರದೆ ಸರಿಪಡಿಸಲು ಹೋದೆ.

"ಅದಲ್ಲ ಸಾಬ್ರೆ. ಅವತ್ತು ಊರೋರಿಗೆಲ್ಲ ತೋರಿಸಿದ್ರಂತಲ್ಲ, ನನ್ ಕಾಲಿಂದು. ನಾನೊಬ್ಬಳು ನೋಡ್ಲಿಲ್ಲ."

ಅಟ್ಟದಿಂದ ಹುಳದ ಮರಿಗಳ ಎರಡೂ ರಟ್ಟುಗಳನ್ನು ಇಳಿಸಿ, ಧೂಳು ಒರೆಸಿ, ಕಿಟಕಿಯ ಬೆಳಕಿಗೆ ಇಟ್ಟೆ. ಅವಳು ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕಾಲು ಚಾಚಿ ಕೂತು ನೋಡಿದಳು.

"ಇದರಾಗ ನಂದು ಯಾವ್ದು?"

ಅದನ್ನು ಗುರುತು ಮಾಡಿಟ್ಟಿದ್ದವರು ಡಾಕ್ಟರು. ನನಗೆ ನಿಜವಾಗಿ ತಿಳಿದಿರಲಿಲ್ಲ. "ಗೊತ್ತಿಲ್ಲ ಹೊನ್ನವ್ವ," ಅಂದೆ.

ಅವಳು ಮುಂದಕ್ಕೆ ಬಗ್ಗಿ, ಒಂದು ಮರಿಯ ಬಾಗಿದ ಬಾಲದ ಮೇಲೆ ಬೆರಳಿಟ್ಟಳು.

"ಖರೇ ಅಂದ್ರೆ ಎಷ್ಟು ದೊಡ್ಡದಿರ್ತೈತ್ರಿ ಇದು?"

ಮೇಜಿನ ಮೇಲೆ ಹತ್ತಿಯ ಒಂದು ಎಳೆ ಬಿದ್ದಿತ್ತು. ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು, "ಈ ಎಳೆ ಕತ್ತರಿಸಿದ್ರೆ ಒಂದು ಚೂರು ಉದುರ್ತದಲ್ಲ, ಕಣ್ಣಿಗೆ ಕಂಡೂ ಕಾಣದಷ್ಟು, ಅಷ್ಟು," ಅಂದೆ.

ಅವಳು ನನ್ನ ಬೆರಳನ್ನು ನೋಡಿದಳು. ಆಮೇಲೆ ಚಾಚಿದ ತನ್ನ ಕಾಲನ್ನು ನೋಡಿದಳು.

"ಇಷ್ಟಕ್ಕಾ?" ಅಂದಳು.

ಕೆಳಗೆ ಗಾಡಿಗಳು ಹೋಗುತ್ತಿದ್ದವು. ಅವಳು ಗೋಡೆ ಹಿಡಿದು ಎದ್ದಳು. ನಾನು ಕೈ ಕೊಡಲು ಹೋದರೆ ಬ್ಯಾಡ ಅಂದಳು.